ಮೃದುಲಾಳ ಹಿತ್ತಿಲ ಪುಸ್ತಕ

ಹತ್ತನೆಯ ದಿನದ ಪಿಂಡವನ್ನು ಕಾಗೆ ಮುಟ್ಟಲಿಲ್ಲ. ಮುಳಬಾಗಿಲಿನ ಕೆರೆಯ ದಂಡೆಯಲ್ಲಿ ಕೃಷ್ಣಮೂರ್ತಿಗಳು ಬಿಸಿಲೇರುವವರೆಗೂ ಕೈಮುಗಿದು ನಿಂತಿದ್ದರು. ಇಪ್ಪತ್ತೊಂಬತ್ತರ ಮಗಳು ಮೃದುಲಾ ಡೆಂಗಿ ಜ್ವರ ಬಂದ ಐದೇ ದಿನಕ್ಕೆ ಹೋಗಿಬಿಟ್ಟಿದ್ದಳು.

"ಮಗೂಗೆ ಏನಾದ್ರೂ ಆಸೆ ಇತ್ತಾ? ನಡೆಸಿಕೊಡ್ತೀನಿ ಅನ್ನಿ, ಬರುತ್ತೆ," ಎಂದರು ಪುರೋಹಿತರು.

"ಹಿತ್ತಲು," ಎಂದರು ಹೆಂಡತಿ ತುಳಸಮ್ಮ. "ಅಲ್ಲಿನ ಗಿಡ ಕೀಳಲ್ಲ ಅನ್ನಿ."

"ಅನ್ನಲ್ಲ. ಅವಳನ್ನ ತಿಂದಿದ್ದೇ ಆ ಹಿತ್ತಲು."

ಕೊನೆಗೆ ದರ್ಭೆಯ ಕಾಗೆ ಮಾಡಿ ಮುಟ್ಟಿಸಿ ಶಾಸ್ತ್ರ ಮುಗಿಸಿದರು.

ಹಿತ್ತಲೆಂದರೆ ಎರಡು ಮಂಚ ಹಾಕುವಷ್ಟು ಜಾಗ. ಕೋಲಾರದಲ್ಲಿ ಪಾಠ ಹೇಳಿ ಸಂಜೆ ಬಸ್ಸಿಳಿದು ಬಂದ ಮೃದುಲಾ ಅಲ್ಲಿ ಕುಕ್ಕರುಗಾಲಲ್ಲಿ ಕೂತು, ತಾನಾಗಿ ಹುಟ್ಟಿದ ಗಿಡವನ್ನೂ ಅದರ ಮೇಲಿನ ಹುಳವನ್ನೂ ಗುರುತು ಹಿಡಿದು ನೋಟುಬುಕ್ಕಿಗೆ ಬರೆಯುತ್ತಿದ್ದಳು. ಅವಳು ಹೋದ ಮೇಲೆ ಪಕ್ಕದ ಮನೆಯ ಸುನಂದ ಕಾಂಪೌಂಡಿನಾಚೆಯಿಂದ, "ಅಂಥಾ ಅಡವಿ ಮಡಿಕೊಂಡ್ರೆ ಸೊಳ್ಳೆ ಬರ್ದೆ ಇನ್ನೇನ್ ಬರ್ತದೆ ಸಾಮಿ?" ಎಂದಿದ್ದಳು. ಆ ಮಾತು ಕೃಷ್ಣಮೂರ್ತಿಗಳ ಎದೆಯಲ್ಲಿ ಮುಳ್ಳಾಗಿ ನಿಂತಿತ್ತು.

ಮನೆಗೆ ಬಂದವರೇ ಗುದ್ದಲಿ ಹಿಡಿದರು. ತುಳಸಮ್ಮ ಅಡ್ಡ ಬರಲಿಲ್ಲ. ನೋಟುಬುಕ್ಕನ್ನು ತಂದು ಕೈಗಿಟ್ಟರು.

"ಕೀಳಿ. ಆದ್ರೆ ಒಂದೊಂದರ ಹೆಸರೂ ಓದಿ ಕೀಳಿ. ಅಷ್ಟಾದ್ರೂ ಮಾಡಿ ಅವಳಿಗೆ."

ಒಂದು, ತುಂಬೆ. ಕಿತ್ತರು. ಎರಡು, ಉತ್ತರಾಣಿ. ಕಿತ್ತರು. ಮೂರು, ವಿಷ್ಣುಕ್ರಾಂತಿ. ಅಂಗಿ ಗುಂಡಿಯಷ್ಟು ನೀಲಿ ಹೂವು. ಕೆಳಗೆ ಬರೆದಿದ್ದಳು: 'ಅಪ್ಪ ಗಣೇಶನ ಹಬ್ಬಕ್ಕೆ ಪೇಟೆಯಿಂದ ತರುವ ಪತ್ರೆ!' ಅವಳ ನಗು ಕಿವಿಯಲ್ಲಿ ಕೇಳಿಸಿತು. "ದೇವರ ತಲೆ ಮೇಲಿದ್ರೆ ಪತ್ರೆ, ನಮ್ಮ ಹಿತ್ತಲಲ್ಲಿದ್ರೆ ಕಳೆ, ಅಲ್ವೇನಪ್ಪಾ?" "ಹೋಗೇ, ತಲೆಹರಟೆ!" ಎಂದು ತಾವು ಗದರಿದ್ದರು. ಕೈ ಸ್ವಲ್ಪ ತಡೆಯಿತು. ಆದರೂ ಕಿತ್ತರು.

ಹುಳುಗಳ ಪುಟ ಬಂತು. ಎಕ್ಕದ ಎಲೆಯ ಪಟ್ಟೆಹುಳು; 'ಮುಟ್ಟಬೇಡಿ, ಚಿಟ್ಟೆಯಾಗುತ್ತದೆ.' ಆಮೇಲೆ, ಜ್ವರ ಬರುವ ಹದಿನೈದು ದಿನ ಮುಂಚಿನ ತಾರೀಖು:

'ಕಪ್ಪು ಮೈ, ಕಾಲಿಗೆ ಬಿಳಿ ಪಟ್ಟೆ. ಹಗಲು ಕಚ್ಚುವ ಸೊಳ್ಳೆ. ಗಿಡಗಳ ಬುಡದಲ್ಲೆಲ್ಲ ಹುಡುಕಿದೆ, ಮರಿಗಳಿಲ್ಲ. ಅದಕ್ಕೆ ನಿಂತ ನೀರು ಬೇಕು. ಇರುವುದು ಒಂದೇ ಕಡೆ, ಅಪ್ಪನ ಮಡಿ ನೀರಿನ ತೊಟ್ಟಿಯಲ್ಲಿ. ಅದನ್ನು ಮುಟ್ಟುವ ಹಾಗಿಲ್ಲ. ಹೇಗೆ ಹೇಳಲಿ?'

ಬಾವಿ ಬತ್ತಿದ ಮೇಲೆ ಎಂಟು ದಿನಕ್ಕೊಮ್ಮೆ ಬರುವ ನಲ್ಲಿಯ ನೀರನ್ನು ಅವರೇ ಮಿಂದು, ಒದ್ದೆ ಪಂಚೆಯಲ್ಲಿ ಆ ಕಲ್ಲುತೊಟ್ಟಿಗೆ ತುಂಬುತ್ತಿದ್ದರು. ದೇವರ ಅಭಿಷೇಕಕ್ಕೆ ಬೆಳಗಿನ ಮಬ್ಬಿನಲ್ಲೇ ಮೊಗೆಯುತ್ತಿದ್ದರು. ಸೂತಕದ ಹತ್ತು ದಿನ ಅವರೂ ಮುಟ್ಟಿರಲಿಲ್ಲ. ಈಗ ಹಲಗೆ ಸರಿಸಿ ಬಿಸಿಲಲ್ಲಿ ಬಗ್ಗಿ ನೋಡಿದರು. ನೀರಿನ ತುಂಬ ಕೂದಲೆಳೆಯಂಥ ಮರಿಗಳು ಕೊಂಕಿ ಕೊಂಕಿ ಏಳುತ್ತಿದ್ದವು, ಮುಳುಗುತ್ತಿದ್ದವು.

"ನೀನು ಓದಿದ್ಯಾ ಇದನ್ನ?"

"ಅವಳು ಹೋದ ಮಾರನೇ ದಿನವೇ."

"ನಂಗ್ಯಾಕೆ ಹೇಳ್ಲಿಲ್ಲ?"

"ಅವಳಿಗೇ ಹೇಳಕ್ಕಾಗ್ಲಿಲ್ವಲ್ಲ. ನಾನು ಹೇಳ್ತೀನಾ?"

ಕೃಷ್ಣಮೂರ್ತಿಗಳು ತೊಟ್ಟಿಯ ಅಂಚಿಗೆ ಕೈಹಾಕಿ ಎತ್ತಿದರು. ಕಲ್ಲು ಅಲುಗಲಿಲ್ಲ.

"ಕೈ ಕೊಡು."

"ಮಡಿ ತೊಟ್ಟಿ..."

"ಕೊಡೇ."

ಮೂವತ್ತು ವರ್ಷದಲ್ಲಿ ಮೊದಲ ಸಲ ತುಳಸಮ್ಮ ಅದನ್ನು ಮುಟ್ಟಿದರು. ಇಬ್ಬರೂ ಸೇರಿ ಒಂದು ಬದಿಗೆ ಮಗುಚಿದರು. ನೀರು ಕಿತ್ತೆಸೆದ ಗಿಡಗಳ ಮೇಲೆ ಹರಿಯಿತು. ಮರಿಗಳು ಕೆಸರಲ್ಲಿ ಸ್ವಲ್ಪ ಹೊತ್ತು ಒದ್ದಾಡಿ ಸುಮ್ಮನಾದವು.

ಅವರು ಆ ಕೆಸರಲ್ಲೇ ಮಂಡಿಯೂರಿ ವಿಷ್ಣುಕ್ರಾಂತಿಯನ್ನು ಎತ್ತಿ ಮತ್ತೆ ನೆಟ್ಟರು. ಹೂವು ಆಗಲೇ ಮುದುರಿತ್ತು. ಬೇರು ಹರಿದದ್ದು, ಹಿಡಿಯುವುದಿಲ್ಲವೆಂದು ಕೈಗೆ ಗೊತ್ತಾಗುತ್ತಿತ್ತು.

"ಮೂರು," ಎಂದರು ಗಟ್ಟಿಯಾಗಿ, ಮಗಳಿಗೆ ಒಪ್ಪಿಸುವವರಂತೆ. ಆಮೇಲೆ ಉತ್ತರಾಣಿಗೆ ಕೈಚಾಚಿದರು.