ತುಕ್ಕಿನ ಮಾತ್ರೆ

"ಊದಿ, ಊದಿ... ಬಿಡ್ಬೇಡಿ, ಇನ್ನೂ ಊದಿ!"

ನರ್ಸ್ ಕೈ ಎತ್ತಿ ಹುರಿದುಂಬಿಸುತ್ತಿದ್ದರು. ಅಣ್ಣನ ಕಣ್ಣು ಕೆಂಪಾಗಿ, ಉಸಿರು ಅಳೆಯುವ ಯಂತ್ರದ ಕೊಳವೆ ಬಾಯಿಂದ ಜಾರಿ, ಕೆಮ್ಮು ಒತ್ತರಿಸಿಕೊಂಡು ಬಂತು. ಪಕ್ಕದ ಕುರ್ಚಿಯಲ್ಲಿದ್ದ ತಮ್ಮ ತಲೆ ತಗ್ಗಿಸಿದ. ಮೂವತ್ತು ವರ್ಷ ಒಂದೇ ಶೆಡ್ಡಿನಲ್ಲಿ ವೆಲ್ಡಿಂಗ್ ಮಾಡಿ, ಒಂದೇ ಹೊಗೆ ಕುಡಿದವರು ಇಬ್ಬರೂ. ಆಸ್ತಿ ಅಂತ ಏನೂ ಇಲ್ಲದ ಮನೆಯಲ್ಲಿ ಸಮಪಾಲಾಗಿ ಸಿಕ್ಕಿದ್ದು ಈ ಕಾಯಿಲೆ ಒಂದೇ ಎಂದು ಅಣ್ಣ ನಗಾಡುತ್ತಿದ್ದ. ಈಚೆಗೆ ನಗುವುದಕ್ಕೂ ಅವನಿಗೆ ಉಸಿರು ಸಾಲುತ್ತಿರಲಿಲ್ಲ.

ಮೂರು ತಿಂಗಳ ಹಿಂದೆ ಡಾಕ್ಟರು ಇಬ್ಬರನ್ನೂ ಕೂರಿಸಿಕೊಂಡು ಹೇಳಿದ್ದರು. ಹೊಗೆಯಿಂದ ಶ್ವಾಸಕೋಶ ಒಳಗೊಳಗೇ ತುಕ್ಕು ಹಿಡಿಯುತ್ತದೆ, ಆ ತುಕ್ಕನ್ನು ತಡೆಯುವ ಮಾತ್ರೆಯೊಂದನ್ನು ಪರೀಕ್ಷೆ ಮಾಡುತ್ತಿದ್ದೇವೆ, ಅರ್ಧ ಜನಕ್ಕೆ ನಿಜವಾದ ಮದ್ದು, ಉಳಿದವರಿಗೆ ನೋಡಲು ಹಾಗೇ ಇರುವ ಬರಿ ಮಾತ್ರೆ, ಯಾರಿಗೆ ಯಾವುದು ಎಂದು ನಮಗೂ ಗೊತ್ತಿರುವುದಿಲ್ಲ. ತುಕ್ಕು ಎಂದರೆ ಏನೆಂದು ಅಣ್ಣತಮ್ಮಂದಿರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಇಬ್ಬರೂ ಸಹಿ ಹಾಕಿದರು.

ಅಂದಿನಿಂದ ದಿನಾ ಬೆಳಿಗ್ಗೆ ಅಣ್ಣನೇ ಎರಡು ಲೋಟದಲ್ಲಿ ಮಾತ್ರೆ ಕರಗಿಸುತ್ತಿದ್ದ. "ನೀನು ಏಳ್ಬೇಡ, ಮಲಗಿರು" ಎಂದು ತಮ್ಮನ ಹಾಸಿಗೆಗೇ ತಂದುಕೊಡುತ್ತಿದ್ದ. ಕೊಳೆತ ಮೊಟ್ಟೆಯ ವಾಸನೆಯ ಆ ನೀರನ್ನು ತಮ್ಮ ಮೂಗು ಹಿಡಿದು ಕುಡಿಯುತ್ತಿದ್ದ.

ಈಗ ತಮ್ಮನ ಸರದಿ. ಅವನು ಊದಿದ. ನರ್ಸ್ ಯಂತ್ರ ನೋಡಿ, "ಪರವಾಗಿಲ್ಲವೇ, ನಿಮ್ಮದು ಏರಿದೆ" ಎಂದರು. ಆಮೇಲೆ ಅಣ್ಣನ ಕಡೆ ತಿರುಗಿ, "ನಿಮ್ಮದು ಮಾತ್ರ ಇಳೀತಾ ಇದೆ ಯಜಮಾನ್ರೇ. ಮಾತ್ರೆ ತಪ್ಪಿಸ್ತಿಲ್ಲ ತಾನೆ?"

"ದೇವ್ರಾಣೆ ಇಲ್ಲ ಸಿಸ್ಟರ್."

ಮಾತ್ರೆ ಶುರುವಾದ ಮೇಲೆ ಇದು ಮೊದಲ ತಪಾಸಣೆ. ಆ ದಿನದ ಮಾತ್ರೆಯನ್ನು ಅಲ್ಲೇ, ಅವರೆದುರೇ ಕುಡಿಯಬೇಕು. ತಮ್ಮ ತನ್ನ ಹೆಸರಿನ ಪೊಟ್ಟಣ ತಾನೇ ಒಡೆದು ನೀರಿಗೆ ಹಾಕಿ, ಅಭ್ಯಾಸಬಲದಿಂದ ಮೂಗು ಹಿಡಿದ. ಬಾಯಿಗೆ ಬಂದದ್ದು ನಿಂಬೆಹುಳಿಯ ರುಚಿ. ಮೂಗು ಬಿಟ್ಟ. ವಾಸನೆಯೇ ಇಲ್ಲ. ಆ ಕೊಳೆತ ವಾಸನೆ ಬರುತ್ತಿದ್ದದ್ದು ಪಕ್ಕದಲ್ಲಿ ಅಣ್ಣ ಕರಗಿಸಿಕೊಂಡಿದ್ದ ಲೋಟದಿಂದ.

ತಮ್ಮ ಅಣ್ಣನ ಮುಖ ನೋಡಿದ. ಸುಮ್ಮನಿರು ಎಂಬಂತೆ ಅಣ್ಣ ಕಣ್ಣಲ್ಲೇ ಗದರಿಸಿದ.

ಸುಮ್ಮನಿದ್ದರೆ ಪರೀಕ್ಷೆಯ ಉಳಿದ ಮೂರು ತಿಂಗಳೂ ತಾನು ಹೀಗೇ ಉಸಿರಾಡಬಹುದು. ಆ ಆಸೆ ತನ್ನಲ್ಲಿ ಎಷ್ಟು ಬಲವಾಗಿದೆ ಎಂದು ಗೊತ್ತಾಗಿ ತಮ್ಮನಿಗೆ ನಾಚಿಕೆಯಾಯಿತು.

"ಸಿಸ್ಟರ್, ಅದಲುಬದಲಾಗಿದೆ. ಅವನ ಮಾತ್ರೆ ಇಷ್ಟು ದಿನ ನಾನು ಕುಡಿದಿದ್ದೀನಿ. ಇವತ್ತಿಂದ ಅವನದು ಅವನೇ ಕುಡೀಲಿ."

"ಬಾಯ್ಮುಚ್ಚೋ! ಇವನಿಗೆ ತಲೆ ಕೆಟ್ಟಿದೆ ಸಿಸ್ಟರ್."

ನರ್ಸ್ ಪೆನ್ನು ಕೆಳಗಿಟ್ಟರು. ಬಯ್ಯುವಷ್ಟು ಶಕ್ತಿಯೂ ಅವರಲ್ಲಿ ಉಳಿದಿದ್ದಂತೆ ಕಾಣಲಿಲ್ಲ. "ಯಾಕೆ ಹೇಳಿದ್ರಿ?" ಎಂದು ಮೆಲ್ಲಗೆ ಕೇಳಿದರು. "ಹೇಳಿದ ಮೇಲೆ ನಾನು ಬರೀಲೇಬೇಕು. ಬರೆದರೆ ಇಬ್ಬರನ್ನೂ ಪರೀಕ್ಷೆಯಿಂದ ಕೈಬಿಡ್ತಾರೆ." ಇಬ್ಬರಿಗೂ ಕೊಡಲೆಂದು ಇಟ್ಟಿದ್ದ ಮಾತ್ರೆಯ ಚೀಲಗಳನ್ನು ಮೇಜಿನಾಚೆಗೆ ಎಳೆದುಕೊಂಡರು. ತಮ್ಮ ಬೇಡಿಕೊಂಡ. ಅಣ್ಣನಿಗಾದರೂ ಕೊಡಿ ಎಂದ. ಅವರು ತಲೆ ಅಲ್ಲಾಡಿಸಿದರು.

ಆ ಕೋಣೆ ಇದ್ದದ್ದು ನೆಲಮಾಳಿಗೆಯಲ್ಲಿ. ಮೆಟ್ಟಿಲು ಹತ್ತುವಾಗ ಅಣ್ಣ ನಾಲ್ಕನೆಯದಕ್ಕೇ ಕಂಬಿ ಹಿಡಿದು ನಿಂತ.

"ಯಾಕೋ ಮಾಡ್ದೆ ಹಿಂಗೆ?" ತಮ್ಮ ಅವನ ತೋಳು ಹಿಡಿದುಕೊಂಡ.

"ನಂದೇ ನಿಜವಾದ ಮದ್ದು ಅಂತ ಮೊದಲ್ನೇ ದಿನವೇ ವಾಸನೆಯಿಂದ ಗೊತ್ತಾಯ್ತು. ನಿನ್ನನ್ನ ಆ ಶೆಡ್ಡಿಗೆ ಕರ್ಕೊಂಡ್ ಹೋದೋನು ನಾನಲ್ವೇನೋ." ಅಣ್ಣ ಮೂರು ಸಲ ಉಸಿರೆಳೆದುಕೊಂಡ. "ಹೋಗು, ಮೇಲೆ ಹೋಗಿ ಬಸ್ ನಿಲ್ಲಿಸು. ಉಸಿರು ಇರೋವಾಗ್ಲೇ ಓಡು."

ತಮ್ಮ ಓಡಲಿಲ್ಲ. ಮೆಟ್ಟಿಲ ಮೇಲೆ ಅಣ್ಣನಿಗೆ ಒತ್ತಿಕೊಂಡು ಕೂತ. ಮೇಲೆ ರಸ್ತೆಯಲ್ಲಿ ಬಸ್ಸು ಬಂದು ನಿಂತ ಸದ್ದಾಯಿತು, ಸ್ವಲ್ಪ ಹೊತ್ತಿಗೆ ಹೊರಟುಹೋದ ಸದ್ದೂ ಕೇಳಿಸಿತು.