ಕ್ಯಾಪ್ಟನ್ ಹೆಂಡತಿಯ ಕೊಡೆ

ನನ್ನ ಗಂಡ ಕ್ಯಾಪ್ಟನ್ ಆರ್ವಿಲ್ ಸ್ಟ್ರೌಡ್‌ರನ್ನು ಸೇನೆ ಎಲ್ಲೆಲ್ಲಿಗೆ ವರ್ಗ ಮಾಡಿತೋ ಅಲ್ಲೆಲ್ಲ ನಾನೊಂದು ಸೇಬಿನ ಗಿಡ ನೆಟ್ಟೆ. ಒಂದರ ಹಣ್ಣೂ ನನ್ನ ಬಾಯಿಗೆ ಬೀಳಲಿಲ್ಲ. ಗಿಡ ಹೂ ಬಿಡುವ ಹೊತ್ತಿಗೆ ಗಂಟುಮೂಟೆ ಕಟ್ಟಬೇಕು. ಹಣ್ಣನ್ನೆಲ್ಲ ಬೇರೆ ಅಧಿಕಾರಿಗಳ ಹೆಂಡಂದಿರು ತಿಂದು ತೇಗಿದರು. ಅವರ ಹಲ್ಲು ಉದುರಲಿ!

ಕಾನ್ಸಾಸಿನ ಕಾಲೇಜಿಗೆ ಇವರು ಬಂದದ್ದು ಹುಡುಗರಿಗೆ ಕವಾಯತು ಕಲಿಸಲು. ಫುಟ್‌ಬಾಲ್ ಕೋಚ್ ಕೆಲಸವೂ ಕೊರಳಿಗೆ ಬಿತ್ತು; ಚೆಂಡನ್ನು ಕೈಯಲ್ಲಿ ಅವಚಿಕೊಂಡು ಎದುರಾಳಿಗಳ ಗೆರೆ ದಾಟುವ ಅಮೆರಿಕದ ಫುಟ್‌ಬಾಲ್ ಅದು. ಪ್ರಿನ್ಸಿಪಾಲ್ ಪೆನ್‌ರೋಸ್ ಮುಚ್ಚುಮರೆಯಿಲ್ಲದೆ ಹೇಳಿದ್ದರು: "ವಿಲ್ಟನ್ ಕಾಲೇಜನ್ನ ಸೋಲಿಸಿದ್ರೆ ನಿಮ್ಮನ್ನ ಇಲ್ಲೇ ಉಳಿಸ್ಕೋತೀವಿ. ಇಲ್ಲಾಂದ್ರೆ ಅರಿಜೋನಾದ ಮರಳುಗಾಡೇ ಗತಿ, ಕ್ಯಾಪ್ಟನ್." ಹಿತ್ತಲಲ್ಲಿ ನನ್ನ ಗಿಡ ಆಗಲೇ ಎದೆಯೆತ್ತರ ಬೆಳೆದಿತ್ತು.

ಆಟದ ನಡುವೆ ಕೋಚ್ ತುಟಿ ಬಿಚ್ಚುವಂತಿಲ್ಲ, ಹುಡುಗರಿಗೆ ಸನ್ನೆ ಮಾಡುವಂತಿಲ್ಲ. ಅಂಪೈರ್ ಕಣ್ಣು ಇವರ ಮೇಲೆಯೇ. ಆದರೆ ಪ್ರೇಕ್ಷಕರ ನಡುವೆ ಕೂತ ಹೆಂಡತಿಯ ಕೊಡೆಯನ್ನು ನಮ್ಮ ಹುಡುಗರಲ್ಲದೆ ಇನ್ಯಾರು ನೋಡುತ್ತಾರೆ? ಇವರು ಟೋಪಿ ಸರಿಮಾಡಿಕೊಂಡರೆ ನಾನು ಕೊಡೆ ಮಡಚಬೇಕು: ಚೆಂಡನ್ನು ದೂರ ಒದೆಯಿರಿ ಎಂದರ್ಥ. ಮೀಸೆ ತಿರುವಿದರೆ ಬಿಚ್ಚಬೇಕು: ಚೆಂಡನ್ನು ಅವಚಿಕೊಂಡು ನುಗ್ಗಿ.

ವಿಲ್ಟನ್ ಜೊತೆಗಿನ ಆಟ ಮುಗಿಯುತ್ತ ಬಂದಿತ್ತು. ಎರಡೂ ಕಡೆ ಸಮ, ಚೆಂಡು ನಮ್ಮ ಕೈಲಿ. ಇವರು ಟೋಪಿ ಸರಿಮಾಡಿಕೊಂಡರು. ಒದೆಯಬೇಕಂತೆ! ಒದ್ದರೆ ಚೆಂಡು ಅವರ ಪಾಲಾಗಿ ಆಟ ಸಮವಾಗಿಯೇ ಮುಗಿಯುತ್ತದೆ, ಸಮವಾದರೆ ಅರಿಜೋನಾ. ನನಗೆ ಮೈಯೆಲ್ಲ ಉರಿಯಿತು. ಕೊಡೆಯನ್ನು ಪಟ್ಟನೆ ಬಿಚ್ಚಿ ಎತ್ತಿ ಹಿಡಿದೆ. ಇವರು ಟೋಪಿಯನ್ನು ಎಳೆದೆಳೆದು ಕಿವಿಯವರೆಗೆ ಇಳಿಸಿಕೊಂಡರು. ನಾನು ಆಕಾಶ ನೋಡುತ್ತ ಕುಳಿತೆ.

ನಮ್ಮ ಗಸ್ ಎಂಬ ಹುಡುಗ ಕೊಡೆ ನೋಡಿದವನೇ ಚೆಂಡು ಅವಚಿಕೊಂಡು ನುಗ್ಗಿದ. ಇಬ್ಬರನ್ನು ಕೆಡವಿ, ಮೂರನೆಯವನನ್ನು ಬೆನ್ನ ಮೇಲೆ ಹೊತ್ತುಕೊಂಡೇ ಗೆರೆ ದಾಟಿಬಿಟ್ಟ. ಗೆದ್ದೆವು.

ಇವರು ಕೆಂಡವಾಗಿ ಬಂದರು. "ಆಜ್ಞೆ ಮೀರ್ತೀಯಾ ಲವೀನಿಯಾ? ಕೋರ್ಟ್ ಮಾರ್ಷಲ್ ಮಾಡಿಸ್ತೀನಿ ನಿಂಗೆ!"

"ಮಾಡಿಸ್ರೀ, ನೋಡೇ ಬಿಡ್ತೀನಿ. ನಾನೇನ್ ನಿಮ್ಮ ಸಿಪಾಯೀನಾ?"

ಅಷ್ಟರಲ್ಲಿ ಪ್ರಿನ್ಸಿಪಾಲರು ಓಡಿಬಂದು ಇವರ ಕೈ ಹಿಡಿದು ಕುಲುಕಿದರು. "ಅಂಥ ಹೊತ್ತಲ್ಲಿ ನುಗ್ಸೋಕೆ ಎಂಥ ಗುಂಡಿಗೆ ಬೇಕ್ರೀ, ಕ್ಯಾಪ್ಟನ್!"

ಇವರು ಮೀಸೆ ತಿರುವಿದರು. "ಸೈನಿಕ ಅಲ್ವಾ ಸಾರ್, ರಕ್ತದಲ್ಲೇ ಇದೆ."

ಅಯ್ಯೋ ಪುಣ್ಯಾತ್ಮ! ಕೊಡೆಯ ತುದಿಯಿಂದ ಇವರ ಬೂಟಿನ ಮೇಲೆ ಒಂದು ಕುಟ್ಟಿದೆ.

ವರ್ಗ ಆಗಲಿಲ್ಲ. ಎರಡು ವರ್ಷಕ್ಕೆ ನನ್ನ ಗಿಡ ಒಂದೇ ಒಂದು ಹಣ್ಣು ಬಿಟ್ಟಿತು. ಕಚ್ಚಿದೆ. ಹುಳಿಯೋ ಹುಳಿ, ಕಣ್ಣಲ್ಲಿ ನೀರು ಬಂತು.

"ಹೇಗಿದೆ ಲವೀ?" ಎಂದು ಇವರು ಒಂದು ಚೂರಿಗೆ ಕೈಚಾಚಿದರು.

"ಜೇನು ಕಣ್ರೀ," ಎಂದೆ. ಬೀಜ ಒಂದನ್ನು ಬಿಟ್ಟು ಅಷ್ಟನ್ನೂ ನಾನೇ ತಿಂದೆ.