ಹದಿನೆಂಟು ನಿಮಿಷದ ಅಳತೆ

ಗಿರಾಕಿ ಬಂದು ಕದ ತಟ್ಟುತ್ತಾನೆ, ಒಳಗಿರುವವರಿಗೆ ಕೇಳಿಸುವುದೇ ಇಲ್ಲ. ಅಂಥ ಅಂಗಡಿ ಇದ್ದರೆಷ್ಟು, ಬಿಟ್ಟರೆಷ್ಟು? ನಮ್ಮ ಬೀದಿಯ ಬೂಟಿನಣ್ಣನ ವೆಬ್‌ಸೈಟ್ ಮೂರು ವಾರ ಹೀಗೇ ಇತ್ತು.

ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶಜ್ಞಾನ ಹೋದವರಿಗೆ ಅಳತೆ ತೆಗೆದು ಮೆತ್ತನೆಯ ಬೂಟು ಹೊಲಿಯುವುದು ಅಣ್ಣನ ಕೆಲಸ. ದೂರದವರು ಮನೆಯಲ್ಲೇ ಅಳತೆ ತೆಗೆದು ಕಳಿಸಲಿ ಎಂದು ಒಂದು ವಿಡಿಯೋ ಮಾಡಿ ವೆಬ್‌ಸೈಟಿಗೆ ಹಾಕಿದ್ದ.

ಒಂದು ಮಧ್ಯಾಹ್ನ ಗಿರಾಕಿಯೊಬ್ಬರು ಕೆಲಸದ ಜಾಗದಿಂದ ಫೋನ್ ಮಾಡಿದರು.

"ಅಣ್ಣಾ, ತಮ್ಮನ ಬೂಟು ಇವತ್ತು ಬೆಳಿಗ್ಗೆ ಮನೆಗೆ ಬಂತಂತೆ. ಒಂದು ಮಾತು ಕೇಳೋಣ ಅಂತ ಮಾಡ್ದೆ. ನಿಮ್ಮ ವಿಡಿಯೋ ತೆರೀಲೇ ಇಲ್ಲ, ಚಕ್ರ ಸುತ್ತುತ್ತಾನೇ ಇತ್ತು. ಅವನು ಮಲಗಿದ್ದಾಗ ಅಂದಾಜಲ್ಲಿ ಟೇಪು ಹಿಡಿದೆ. ನಡೆಯುತ್ತೆ ಅಲ್ವಾ?"

ಅಣ್ಣ ಕೂತಲ್ಲಿಂದ ಎದ್ದು ನಿಂತ. ನಿಂತಾಗ ಪಾದ ಅಗಲವಾಗುತ್ತದೆ. ಮಲಗಿಸಿ ಅಳೆದರೆ ಬೂಟು ಬಿಗಿಯಾಗುತ್ತದೆ. ಬಿಗಿ ಬೂಟು ಕಚ್ಚಿದರೂ ಆ ತಮ್ಮನಿಗೆ ಗೊತ್ತಾಗುವುದಿಲ್ಲ, ಗಾಯವಾದರೆ ಬೇಗ ಮಾಯುವುದೂ ಇಲ್ಲ.

"ಹಾಕ್ಕೋಬೇಡ ಅನ್ನಿ ಅವರಿಗೆ! ಅವರ ನಂಬರ್ ಕೊಡಿ!"

ನಂಬರ್ ಸಿಕ್ಕಿತು. ಆದರೆ ಆ ತಮ್ಮ ಫೋನ್ ಎತ್ತಲಿಲ್ಲ. ಬೂಟಿನಣ್ಣನ ಹೆಂಡತಿ, ನಮ್ಮೆಲ್ಲರ ಅತ್ತಿಗೆ, ಹೊಲಿಗೆ ಬಿಟ್ಟು ಬಂದು, ಗಂಡನ ಕೈಯಿಂದ ನಂಬರಿನ ಚೀಟಿ ಕಿತ್ತುಕೊಂಡು ತನ್ನ ಫೋನಲ್ಲಿ ಮತ್ತೆ ಮತ್ತೆ ಒತ್ತತೊಡಗಿದಳು.

ಗಲಾಟೆ ಕೇಳಿ ಮಹಡಿಯಿಂದ ಕತ್ತರಿ ಅಕ್ಕ ಇಳಿದು ಬಂದಳು. ಮದುವೆ ವಿಡಿಯೋಗಳನ್ನು ಕತ್ತರಿಸಿ ಜೋಡಿಸುವುದು ಅವಳ ಕಸುಬು, ಅದಕ್ಕೇ ಆ ಹೆಸರು.

"ಏನಾಯ್ತು ಅತ್ತಿಗೆ?"

"ವಿಡಿಯೋ ತೆರೀಲಿಲ್ವಂತೆ ಕಣೇ."

"ಸುಳ್ಳು! ನನ್ನ ಫೋನಲ್ಲಿ ಟಕ್ ಅಂತ ಓಡುತ್ತೆ" ಎಂದ ಅಣ್ಣ.

"ತೆಗೆದಿದ್ದು ನಿಮ್ಮ ಫೋನಲ್ಲೇ ಅಲ್ವಾ ಅಣ್ಣ? ಅದು ನಿಮ್ಮ ಜೇಬಲ್ಲೇ ಇದೆ. ಬೇರೆಯವರಿಗೆ ಅದು ದೂರದಿಂದ ಬರಬೇಕು." ಅಕ್ಕ ತನ್ನ ಫೋನು ಹಿಡಿದು ಬೀದಿಗೆ ಹೋಗಿ ವೆಬ್‌ಸೈಟ್ ತೆರೆದಳು. ಚಕ್ರ ಸುತ್ತಿತು. ಇನ್ನೂ ಸುತ್ತಿತು. ಒಳಗೆ ಬಂದು ಅಣ್ಣನ ಫೋನಲ್ಲಿ ಅದರ ಗಾತ್ರ ನೋಡಿದಳು. "ಎರಡು ಜಿಬಿ ಇದೆ ಅಣ್ಣ! ಹದಿನೆಂಟು ನಿಮಿಷ ಏನು ತೋರಿಸಿದೀರಾ?"

ಅಣ್ಣನ ಫೋನಲ್ಲೇ ಮುಂದೆ ಮುಂದೆ ಓಡಿಸಿ ನೋಡಿದರು. ಮುದುಕರೊಬ್ಬರು ಸ್ಟೂಲಿನ ಮೇಲೆ ಗೋಡೆ ನೋಡುತ್ತಾ ಕೂತಿದ್ದಾರೆ. ಐದು ನಿಮಿಷವಾದರೂ ಕೂತಿದ್ದಾರೆ. ಹತ್ತಾದರೂ ಕೂತಿದ್ದಾರೆ.

"ಇದೇನಣ್ಣ ಇದು?"

"ನಡೆದು ಬಂದ ಕಾಲಿನ ದಣಿವು ಆರಬೇಕಮ್ಮ. ಹದಿನೈದು ನಿಮಿಷ ಕೂರಿಸ್ದೆ ನಾನು ಯಾರ ಪಾದಾನೂ ಮುಟ್ಟಲ್ಲ. ಆಮೇಲೆ ನಿಲ್ಲಿಸಿ ಅಳೀತೀನಿ."

"ಸರಿ, ಅವರು ಕೂರಲಿ. ನೋಡೋರೂ ಗೋಡೆ ನೋಡ್ತಾ ಕೂರಬೇಕಾ? 'ಮೊದಲು ಹದಿನೈದು ನಿಮಿಷ ಕೂರಿಸಿ' ಅಂತ ಒಂದು ಸಾಲು ಬರೆದ್ರೆ ಸಾಕಲ್ವಾ?"

"ಕತ್ತರಿಸಿದ್ರೆ ಜನ ಅವಸರ ಮಾಡ್ತಾರೆ. ಸಣ್ಣದು ಮಾಡಿದ್ರೆ ಚಿತ್ರ ಮಂಕಾಗುತ್ತೆ. ನನ್ನ ಕೆಲಸಕ್ಕೇ ಕೆಟ್ಟ ಹೆಸರು."

"ಅಂಗೈಯಗಲದ ಪರದೆಗೆ ಗೋಡೆಯಗಲದ ಚಿತ್ರ ಯಾಕಣ್ಣ? ಟೇಪಿನ ಗೆರೆ ಕಾಣೋಷ್ಟು ಉಳಿಸಿ ಮಿಕ್ಕಿದ್ದನ್ನ ಇಳಿಸ್ತೀನಿ. ಹತ್ತು ಹನ್ನೆರಡು ಎಂಬಿ ಆಗುತ್ತೆ."

ಅಣ್ಣ ಬಾಯಿ ತೆರೆಯುವಷ್ಟರಲ್ಲಿ ಅತ್ತಿಗೆ ಕೈಯೆತ್ತಿ ಸುಮ್ಮನಿರಿಸಿದಳು. ಆ ಕಡೆ ಗಿರಾಕಿಯ ತಮ್ಮ ಫೋನ್ ಎತ್ತಿದ್ದರು. ಬೂಟಿನ ಅಂಗಡಿಯವಳೆಂದು ಹೇಳಿ, ಬೂಟು ಹಾಕಿಕೊಂಡಿರಾ ಎಂದು ಕೇಳಿದಳು.

"ಬೂಟು ಹಾಕ್ಕೊಂಡಿದೀನಮ್ಮಾ, ತುಂಬಾ ಚೆನ್ನಾಗಿದೆ. ಒಂಚೂರೂ ನೋವಿಲ್ಲ. ಹೊರಗೆ ಹೊರಟಿದ್ದೆ."

ನೋವಿಲ್ಲ ಎಂಬ ಮಾತಿಗೇ ಅತ್ತಿಗೆ ದನಿ ಎತ್ತಿದಳು. "ಈಗಲೇ ಬಿಚ್ಚಿ! ಪಾದ ನೋಡಿ ಹೇಳಿ."

ಆ ಕಡೆ ಬೂಟು ಬಿಚ್ಚುವ ಸದ್ದು ಕೇಳಿಸಿತು. ಇಲ್ಲಿ ಮೂವರೂ ಫೋನಿನತ್ತ ಬಾಗಿ ಕಿವಿಗೊಟ್ಟರು.

"ಕಿರುಬೆರಳ ಪಕ್ಕ ಕೆಂಪಗಾಗಿದೆ. ಚರ್ಮ ಕಿತ್ತಿಲ್ಲ."

"ಮತ್ತೆ ಹಾಕ್ಕೋಬೇಡಿ. ಇವತ್ತೇ ಡಾಕ್ಟರಿಗೆ ತೋರಿಸಿ. ಬೇರೆ ಜೊತೆ ನಾವೇ ಹೊಲಿದು ಕಳಿಸ್ತೀವಿ."

ಅಣ್ಣ ಆ ಮುದುಕರು ಕೂತಿದ್ದ ಸ್ಟೂಲಿನ ಮೇಲೇ ಕುಸಿದು ಕೂತ. ಕಣ್ಣು ಒದ್ದೆಯಾಗಿತ್ತು. "ಕತ್ತರಿಸಮ್ಮ" ಎಂದ.

ಅಕ್ಕ ಸಂಜೆಯೊಳಗೆ ಅದನ್ನು ಒಂದೂವರೆ ನಿಮಿಷಕ್ಕೆ ಇಳಿಸಿದಳು. ವಿಡಿಯೋದಲ್ಲಿದ್ದ ಹೊಲಿಗೆ ಯಂತ್ರದ ಕಿರಿಕಿರಿ ಸದ್ದು ಪುಟ ತೆರೆದ ಕೂಡಲೇ ತಾನಾಗಿ ಶುರುವಾಗುವುದನ್ನು ನಿಲ್ಲಿಸಿದಳು. ಕಿವಿ ಮಂದವಾದವರಿಗೂ ತಿಳಿಯಲೆಂದು ಮಾತನ್ನು ಚಿತ್ರದ ಕೆಳಗೆ ಅಕ್ಷರದಲ್ಲಿ ಹಾಕಿದಳು. ವಿಡಿಯೋ ತೆರೆಯುವ ಮೊದಲೇ ಕಾಣುವಂತೆ, ನಿಂತ ಪಾದಕ್ಕೆ ಟೇಪು ಹಿಡಿದ ಒಂದು ಫೋಟೋ ಇಟ್ಟಳು. ವಿಡಿಯೋ ಓಡದಿದ್ದರೂ ಕೆಲಸ ನಿಲ್ಲಬಾರದೆಂದು ಅಳೆಯುವ ಕ್ರಮವನ್ನು ಅದರ ಕೆಳಗೆ ನಾಲ್ಕು ಸಾಲಲ್ಲಿ ಬರೆದಳು.

ಮರುದಿನ ಆ ಗಿರಾಕಿಯ ಫೋನ್ ಬಂತು. "ಅಣ್ಣಾ, ವಿಡಿಯೋ ತಕ್ಷಣ ಓಡ್ತು! ಕೂರಿಸಿ, ಆಮೇಲೆ ನಿಲ್ಲಿಸಿ ಅಳೆದೆ. ಮೊದಲಿಗಿಂತ ಅರ್ಧ ಇಂಚು ಅಗಲ ಬಂತು."

ಅರ್ಧ ಇಂಚು! ಅಣ್ಣ ಆ ಮೂರು ವಾರದಲ್ಲಿ ಬಂದ ಬೇರೆ ಅಳತೆಗಳನ್ನೆಲ್ಲ ಹರಡಿಕೊಂಡು ಒಬ್ಬೊಬ್ಬರಿಗೂ ಫೋನ್ ಮಾಡುತ್ತಾ ಕೂತ. ಎಲ್ಲರಿಗೂ ಅವನದು ಒಂದೇ ಪ್ರಶ್ನೆ: "ವಿಡಿಯೋ ತೆರೀತಾ?"

ವೆಬ್‌ಸೈಟ್ ಇಟ್ಟಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಈ ಪ್ರಶ್ನೆಯನ್ನು ನೀವು ಯಾರಿಗಾದರೂ ಕೇಳಿದ್ದೀರಾ? ಇವತ್ತೇ ಬೇರೆಯವರ ಫೋನ್ ಇಸಿದುಕೊಳ್ಳಿ. ಸಿಗ್ನಲ್ ಮಂಕಾಗಿರುವ ಕಡೆ ನಿಂತು ನಿಮ್ಮ ವಿಡಿಯೋ ಒತ್ತಿ. ಚಕ್ರ ಸುತ್ತುತ್ತಲೇ ಇದ್ದರೆ ಕತ್ತರಿ ಹಿಡಿಯಿರಿ. ಚಕ್ರ ನೋಡಿ ಬೇಸತ್ತು ಅಂದಾಜಲ್ಲೇ ಟೇಪು ಹಿಡಿಯುವವರು ನಿಮ್ಮ ಗಿರಾಕಿಗಳಲ್ಲೂ ಇರುತ್ತಾರೆ, ಅವರೆಲ್ಲರೂ ಫೋನ್ ಮಾಡಿ ಹೇಳುವುದಿಲ್ಲ.